ನಿವೃತ್ತರ ಕೈಗೆ ಮತ್ತೆ ಬಳಪ

ಭಾಲ್ಕಿ ತಾಲ್ಲೂಕಿನ ಸಾಯಗಾಂವ ಹೋಬಳಿ ಮಹಾರಾಷ್ಟ್ರದ ಗಡಿಗೆ ಹತ್ತಿರ. ಕನ್ನಡವನ್ನೂ ಮರಾಠಿಯನ್ನೂ ಸಲೀಸಾಗಿ ಮಾತಾಡಿ, ಒಂದನ್ನೂ ಓದಲಾಗದ ಹಿರಿಯರು ಈ ಭಾಗದಲ್ಲಿ ಇನ್ನೂ ಇದ್ದಾರೆ. 2011ರ ಜನಗಣತಿಯಂತೆ ಬೀದರ ಜಿಲ್ಲೆಯ ಗಂಡಸರಲ್ಲಿ ಸಾಕ್ಷರರು ಶೇ 79ರಷ್ಟು, ಹೆಂಗಸರಲ್ಲಿ ಶೇ 61ರಷ್ಟು. 2022ರಲ್ಲಿ ಆರಂಭವಾದ ನವ ಭಾರತ ಸಾಕ್ಷರತಾ ಕಾರ್ಯಕ್ರಮ ‘ಉಲ್ಲಾಸ್’ 15 ವರ್ಷ ದಾಟಿದವರಿಗೆ ಅಕ್ಷರ ಕಲಿಸುತ್ತದೆ. ಅದು ನಂಬಿರುವುದು ಸಂಬಳವಿಲ್ಲದ ಸ್ವಯಂಸೇವಕರನ್ನು. 60ಕ್ಕೆ ನಿವೃತ್ತರಾಗಿ ಊರಿಗೆ ಮರಳಿದ ಮಾಸ್ತರು, ಗುಮಾಸ್ತರು, ಕಂಡಕ್ಟರುಗಳಿಗೆ ಇದಕ್ಕಿಂತ ಒಪ್ಪುವ ಕೆಲಸ ನನಗಂತೂ ಕಾಣದು.

ಇದು ಮಕ್ಕಳ ಪಾಠವಲ್ಲ. ಕುಡಗೋಲು ಹಿಡಿದು ಗಡುಸಾದ ಬೆರಳುಗಳು ಪೆನ್ಸಿಲ್ ಒತ್ತಿದರೆ ಮೊನೆ ಮುರಿಯುತ್ತದೆ, ಹಾಳೆ ಹರಿಯುತ್ತದೆ. ಅದಕ್ಕೇ ಮೊದಲು ಸ್ಲೇಟು, ಬಳಪ, ಅಂಗೈಯಗಲದ ಅಕ್ಷರ. ವರ್ಣಮಾಲೆಗಿಂತ ಕಲಿಯುವವರ ಹೆಸರಿನಿಂದ ಶುರು ಮಾಡುವುದು ಮೇಲು. ಕಮಲಾಬಾಯಿಗೆ ಕ, ಮ, ಲ ಹಿಡಿತಕ್ಕೆ ಬಂದ ಮೇಲೆ ಒಂದು ‘ರ’ ಕೊಟ್ಟರೆ ‘ಮರ’, ಒಂದು ‘ಗ’ ಕೊಟ್ಟರೆ ‘ಮಗ’. ಲೆಕ್ಕವೆಲ್ಲ ಅವರ ಬಾಯಲ್ಲೇ ಇರುತ್ತದೆ: ತೊಗರಿಯ ದರ, ಸಂಘದ ಕಂತು. ಅದನ್ನು ಅಂಕಿಯಲ್ಲಿ ಬರೆಯಲು ತೋರಿಸಿದರಾಯಿತು.

ಈ ನೆಲಕ್ಕೆ ಇಂಥ ಸೇವೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ, ಒಳಗೆ ಕನ್ನಡ ಕಲಿಸಿದರು. ಇವತ್ತು ಹಾಗೆ ಮರೆಮಾಚಿ ಕಲಿಸಬೇಕಾದ ಭಯವಿಲ್ಲ. ಬೇಕಿರುವುದು ಸಂಜೆಯ ಒಂದು ತಾಸು.

ಆ ಒಂದು ತಾಸು ಕೊಟ್ಟವರಿಗೆ ಸಿಗುವುದೂ ಸಣ್ಣದಲ್ಲ. ನೌಕರಿಯಲ್ಲಿದ್ದಾಗ ಜನ ಬರುತ್ತಿದ್ದುದು ಸಹಿಗಾಗಿ. ಇಲ್ಲಿ ದಿನವಿಡೀ ಹೊಲದಲ್ಲಿ ದುಡಿದ ಹೆಂಗಸು ತಾನಾಗಿ ಬಂದು ಕೂರುತ್ತಾಳೆ. ಪಾಠ ಹಿಡಿಸದಿದ್ದರೆ ನಾಳೆ ಬರುವುದಿಲ್ಲ. ಹೀಗಾಗಿ ಕಲಿಸುವವರೂ ದಿನಾ ತಯಾರಾಗಬೇಕು, ನಿವೃತ್ತಿಯ ಜಡತೆ ತಾನೇ ಬಿಡುತ್ತದೆ. ಒಂದು ದಿನ ಆಕೆ ಬ್ಯಾಂಕಿನಿಂದ ಬಂದು, “ಗುರುಜಿ, ಪಾಸ್‌ಬುಕ್ಕಿನಾಗ ರೊಕ್ಕ ಎಷ್ಟದ ನಾನೇ ಓದ್ದೆ” ಅಂದರೆ, ಬೀಳ್ಕೊಡುಗೆಯ ಶಾಲಿಗಿಂತ ಆ ಮಾತು ದೊಡ್ಡದು.

ಕಲಿತವರಿಗೆ ಕೊನೆಗೆ ಉಲ್ಲಾಸ್‌ನ 150 ಅಂಕಗಳ ಪರೀಕ್ಷೆ: ಓದು, ಬರಹ, ಲೆಕ್ಕಕ್ಕೆ ತಲಾ 50. ಕಲಿಸಲು ಮನಸ್ಸಿದ್ದವರು ಊರಿನ ಸರ್ಕಾರಿ ಶಾಲೆಯಲ್ಲಿ ವಿಚಾರಿಸಬಹುದು, ಉಲ್ಲಾಸ್ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಬಹುದು. ಸೋಯಾ ರಾಶಿಯ ದಿನಗಳಲ್ಲಿ ಮಾತ್ರ ತರಗತಿ ಶುರು ಮಾಡಬೇಡಿ, ಯಾರೂ ಬರುವುದಿಲ್ಲ. ರಾಶಿ ಮುಗಿಯಲಿ, ಆಮೇಲೆ ಮನೆ ಮನೆಗೆ ಹೋಗಿ ಕರೆಯಿರಿ.