ಎರಡೇ ವರ್ಷಕ್ಕೆ ನರ್ಸಿಂಗ್ ಡಿಗ್ರಿ, ಆದರೆ ಯಾರಿಗೆ?

ಪಿಯುಸಿ ಫಲಿತಾಂಶ ಬಂದ ವಾರ ಕಾರವಾರ, ಅಂಕೋಲೆಯ ಸೈಬರ್ ಅಂಗಡಿಗಳಲ್ಲಿ ಕುರ್ಚಿ ಖಾಲಿ ಇರುವುದಿಲ್ಲ. ಅಲ್ಲಿ ಕಿವಿಗೆ ಬೀಳುವ ಪ್ರಶ್ನೆಗಳಲ್ಲಿ ನರ್ಸಿಂಗ್‌ನದೂ ಒಂದು: ಬೇಗ ಮುಗಿಯುವ ಕೋರ್ಸ್ ಯಾವುದು? ಕೇಳುವವರು ಒಂದೇ ಬಗೆಯವರಲ್ಲ. ಆಗಷ್ಟೇ ಸೈನ್ಸ್ ಮುಗಿಸಿದ ಹುಡುಗಿ ಕೇಳುತ್ತಾಳೆ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮಾಡಿಕೊಂಡು ಗೋವಾದ ಯಾವುದೋ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತಿರುವವಳು ಕೇಳುತ್ತಾಳೆ. ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿ, ಕೆಲಸ ಹುಡುಕಿ ಸುಸ್ತಾದ ಹುಡುಗನೂ ಕೇಳುತ್ತಾನೆ. ಮೂವರಿಗೂ ಉತ್ತರ ಬೇರೆ ಬೇರೆ.

ಕೊನೆಯವನ ಪಾಲಿನ ಉತ್ತರವೇ ಕಹಿ. ಅಮೆರಿಕದಲ್ಲಿ ಬೇರೆ ವಿಷಯದಲ್ಲಿ ಪದವಿ ಪಡೆದವರು ಒಂದು, ಒಂದೂವರೆ ವರ್ಷದಲ್ಲಿ ನರ್ಸಿಂಗ್ ಪದವಿ ಮುಗಿಸುವ ವ್ಯವಸ್ಥೆ ಇದೆ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ 1971ರಲ್ಲೇ ಇಂಥ ಕೋರ್ಸ್ ಶುರು ಮಾಡಿತ್ತು. ಯೂಟ್ಯೂಬ್ ನೋಡಿ ಇಲ್ಲಿಯೂ ಹಾಗೇ ಇರಬೇಕೆಂದು ನಂಬಿದವರು ಉಂಟು. ಭಾರತದಲ್ಲಿ ಅದಿಲ್ಲ. ಬಿ.ಎ. ಆಗಿರಲಿ, ಬಿ.ಎಸ್ಸಿ. ಆಗಿರಲಿ, ನರ್ಸ್ ಆಗಬೇಕೆಂದರೆ ಮೊದಲ ವರ್ಷದ ಬೆಂಚಿನಲ್ಲೇ ಕೂರಬೇಕು.

ಇಲ್ಲಿ ಬೇಗ ಮುಗಿಯುವ ದಾರಿ ಅಂತ ಇರುವುದು ಒಂದೇ: ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್. ಅವಧಿ ಎರಡು ವರ್ಷ. ಆದರೆ ಅದು ಈಗಾಗಲೇ ನರ್ಸ್ ಆದವರಿಗೆ ಮಾತ್ರ. ಪಿಯುಸಿ ನಂತರ ಮೂರು ವರ್ಷದ ಜಿಎನ್‌ಎಂ ಮುಗಿಸಿ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನರ್ಸ್ ಹಾಗೂ ಸೂಲಗಿತ್ತಿಯಾಗಿ ಹೆಸರು ನೋಂದಾಯಿಸಿಕೊಂಡವರು ಅದಕ್ಕೆ ಅರ್ಹರು. ಕೂಡಿಸಿ ನೋಡಿ: ಮೂರಕ್ಕೆ ಎರಡು ಸೇರಿದರೆ ಐದು ವರ್ಷ. ನೇರವಾಗಿ ಬಿ.ಎಸ್ಸಿ. ನರ್ಸಿಂಗ್ ಸೇರಿದವರದು ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಸೈನ್ಸ್ ಓದಿ ಒಳ್ಳೆಯ ಅಂಕ ಪಡೆದ ಹುಡುಗಿಗೆ ‘ಮೊದಲು ಜಿಎನ್‌ಎಂ ಮಾಡು, ಆಮೇಲೆ ಎರಡೇ ವರ್ಷದಲ್ಲಿ ಡಿಗ್ರಿ’ ಎಂದು ಏಜೆಂಟ್ ಹೇಳಿದರೆ, ಅವನು ಮಾರುತ್ತಿರುವುದು ಒಂದು ವರ್ಷದ ನಷ್ಟವನ್ನು.

ಹಾಗಂತ ಜಿಎನ್‌ಎಂ ಕೀಳಲ್ಲ. ಆರ್ಟ್ಸ್, ಕಾಮರ್ಸ್ ಓದಿದವರಿಗೆ ನರ್ಸಿಂಗ್ ಲೋಕದ ಬಾಗಿಲು ಅದೇ. ಪಿಯುಸಿಯಲ್ಲಿ ಇಂಗ್ಲಿಷ್ ಸಹಿತ ಶೇ 40 ಅಂಕವಿದ್ದರೆ ಸಾಕು. ಬಿ.ಎಸ್ಸಿ. ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು, ಶೇ 45 ಅಂಕ ಬೇಕು. ಪರಿಶಿಷ್ಟರಿಗೆ ಶೇ 40. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಗಣಿತ ಬೇಕಿಲ್ಲ.

ದೇಶದಲ್ಲಿ ನರ್ಸಿಂಗ್ ಪದವಿ ಆರಂಭವಾದದ್ದು 1946ರಲ್ಲಿ, ವೆಲ್ಲೂರಿನ ಸಿಎಂಸಿ ಮತ್ತು ದೆಹಲಿಯ ನರ್ಸಿಂಗ್ ಕಾಲೇಜಿನಲ್ಲಿ. ಮರುವರ್ಷವೇ ಭಾರತೀಯ ನರ್ಸಿಂಗ್ ಪರಿಷತ್ ಕಾಯ್ದೆ ಬಂತು. 2023ರಲ್ಲಿ ಅದರ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ಕಾಯ್ದೆಯ ಮಾತು ಒಣ ಅನ್ನಿಸಬಹುದು; ಕಾಲೇಜು ಆರಿಸುವಾಗ ಅದೇ ಕೆಲಸಕ್ಕೆ ಬರುವುದು.

ಉತ್ತರ ಕನ್ನಡದವರಿಗೆ ಆಸ್ಪತ್ರೆಯ ವಿಷಯ ಬರೀ ಉದ್ಯೋಗದ ವಿಷಯವಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಪಲ್ಟಿಯಾಗಿ ಜೀವಗಳು ಹೋದಾಗ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಜಿಲ್ಲೆಯಿಡೀ ಎದ್ದಿತ್ತು. ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಊರವರ ಬಾಯಲ್ಲಿ ‘ಕ್ರಿಮ್ಸ್’, 2016ರಲ್ಲಿ ಜಿಲ್ಲಾ ಆಸ್ಪತ್ರೆಗೆ ಹೊಂದಿಕೊಂಡು ಶುರುವಾಗಿದೆ. ಅಂಕೋಲೆಯಲ್ಲಿ ಕೆಎಲ್‌ಇ ಸಂಸ್ಥೆಯ ನರ್ಸಿಂಗ್ ಶಿಕ್ಷಣವಿದೆ. ಅರಗಾದ ನೌಕಾನೆಲೆಗೆ ಐಎನ್‌ಎಚ್‌ಎಸ್ ಪತಂಜಲಿ ಆಸ್ಪತ್ರೆ, ಕೈಗಾ ಅಣುಸ್ಥಾವರದವರಿಗೆ ಅವರದೇ ಆಸ್ಪತ್ರೆ. ಇಷ್ಟಿದ್ದೂ ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಳಿ. ರೋಗಿಗಳು ಹೋಗುವ ದಾರಿಯಲ್ಲೇ ನರ್ಸಿಂಗ್ ಕಲಿಯುವ ಮಕ್ಕಳೂ ಹೋಗುತ್ತಾರೆ.

ಸರ್ಕಾರಿ ಕೋಟಾದ ಬಿ.ಎಸ್ಸಿ. ನರ್ಸಿಂಗ್ ಸೀಟು ಈಗ ಸಿಗುವುದು ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ ಮೂಲಕ. ಜಿಲ್ಲೆಯ ಮಕ್ಕಳು ಎಡವುವುದು ಅಂಕದಲ್ಲಲ್ಲ, ಕ್ಯಾಲೆಂಡರಿನಲ್ಲಿ. ಫಲಿತಾಂಶ ಬರಲಿ, ಆಮೇಲೆ ಅರ್ಜಿ ಹಾಕಿದರಾಯಿತು ಎಂದು ಮನೆಯವರು ಕೂತಿರುತ್ತಾರೆ. ಆದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅರ್ಜಿ ಕರೆಯುವುದು ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ. ಪಿಯುಸಿ ಪರೀಕ್ಷೆಗೂ ಮುಂಚೆ. ಪರೀಕ್ಷೆ 2024ರಲ್ಲಿ ಏಪ್ರಿಲ್ 18, 19ಕ್ಕೆ ನಡೆಯಿತು, 2025ರಲ್ಲಿ ಏಪ್ರಿಲ್ 16, 17ಕ್ಕೆ. ಸಿಇಟಿ ಎಂದರೆ ಎಂಜಿನಿಯರಿಂಗ್‌ನವರಿಗೆ ಎಂದುಕೊಂಡು ಬಿಟ್ಟವರಿಗೆ ಮೇ ತಿಂಗಳಲ್ಲಿ ಉಳಿಯುವುದು ಮ್ಯಾನೇಜ್‌ಮೆಂಟ್ ಸೀಟು, ಅದರ ಶುಲ್ಕ.

ಅರ್ಜಿಗಿಂತ ದಾಖಲೆಗಳೇ ಹೆಚ್ಚು ಓಡಾಡಿಸುತ್ತವೆ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬರಬೇಕು, ಅದರ ಮೇಲಿನ ಆರ್.ಡಿ. ಸಂಖ್ಯೆಯನ್ನು ತಪ್ಪಿಲ್ಲದೆ ಅರ್ಜಿಗೆ ತುಂಬಬೇಕು. ಒಂದರಿಂದ ಹತ್ತನೆಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಕೋಟಾ. ಎರಡಕ್ಕೂ ಬಿಇಒ ಸಹಿಯಿರುವ ವ್ಯಾಸಂಗ ಪತ್ರ. ಅವರ್ಸಾ, ಹಾರವಾಡ, ಹಿಲ್ಲೂರಿನಂಥ ಊರಿನ ಮಕ್ಕಳಲ್ಲಿ ಎಷ್ಟೋ ಮಂದಿ ಈ ಎರಡೂ ಸೌಲಭ್ಯಕ್ಕೆ ಅರ್ಹರಿದ್ದೂ ಕಾಲಂ ಖಾಲಿ ಬಿಡುತ್ತಾರೆ. ಕೊಟ್ಟ ಗಡುವು ದಾಟಿದರೆ ಆ ಹಕ್ಕು ಆ ವರ್ಷಕ್ಕೆ ಹೋದಂತೆಯೇ. ಗಡಿಯ ಮಾಜಾಳಿ ಕಡೆಯವರಿಗೆ ಇನ್ನೊಂದು ತೊಡಕಿದೆ. ಸಾಮಾನ್ಯ ನಿಯಮದ ಪ್ರಕಾರ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು. ಅಪ್ಪ ಗೋವಾದಲ್ಲಿ ಕೆಲಸಕ್ಕಿದ್ದ ಕಾರಣ ಕಾಣಕೋಣದ ಶಾಲೆಯಲ್ಲಿ ಕಲಿತ ಮಗು ಮೊದಲು ಆ ಲೆಕ್ಕ ಹಾಕಿಕೊಳ್ಳಬೇಕು.

ರ್‍ಯಾಂಕ್ ನೋಡಿ ಹೆದರುವುದು ಮುಂದಿನ ಘಟ್ಟ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬರೆದವರಿಗೆ ನರ್ಸಿಂಗ್‌ನ ರ್‍ಯಾಂಕ್ ಪ್ರತ್ಯೇಕವಾಗಿ ಬರುತ್ತದೆ. 2024ರಲ್ಲಿ ಆ ಪಟ್ಟಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು. ಆದರೆ ಮೇಲಿನವರೆಲ್ಲ ನರ್ಸಿಂಗ್‌ಗೆ ಬರುವವರಲ್ಲ. ಅದೇ ಮಕ್ಕಳು ಪಶುವೈದ್ಯಕೀಯ, ಕೃಷಿ, ಫಾರ್ಮಸಿ ಪಟ್ಟಿಗಳಲ್ಲೂ ಇರುತ್ತಾರೆ, ವೈದ್ಯಕೀಯ ಸೀಟು ಸಿಕ್ಕರೆ ಎದ್ದು ಹೋಗುತ್ತಾರೆ. ಆದ್ದರಿಂದ ಆಪ್ಷನ್ ಎಂಟ್ರಿಯಲ್ಲಿ ನಾಲ್ಕೈದು ಕಾಲೇಜು ಹಾಕಿ ಸುಮ್ಮನಾಗುವುದು ದಡ್ಡತನ. ಬೇಕೆನಿಸಿದ ಕ್ರಮದಲ್ಲಿ ಉದ್ದನೆಯ ಪಟ್ಟಿ ಕೊಡಬೇಕು. ಸೀಟು ಹಂಚಿಕೆಯಾದಾಗ ನಾಲ್ಕು ಆಯ್ಕೆ ಎದುರಾಗುತ್ತವೆ: ಒಪ್ಪಿ ಸೇರುವುದು, ಒಪ್ಪಿಕೊಂಡು ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದಕ್ಕೆ ಕಾಯುವುದು, ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ನಿಲ್ಲುವುದು, ಪೂರ್ತಿ ಹೊರಬರುವುದು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ತಿಳಿಯದೆ ಕೈಲಿದ್ದ ಸೀಟು ಕಳೆದುಕೊಳ್ಳುವವರಿದ್ದಾರೆ. ಆ ಬಟನ್ನನ್ನು ಸೈಬರ್ ಅಂಗಡಿಯ ಹುಡುಗನ ಕೈಗೆ ಬಿಡಬಾರದು.

ನೌಕಾನೆಲೆಯ ಊರಿನ ಹುಡುಗಿಯರು ತಿಳಿದಿರಬೇಕಾದ ಬೇರೊಂದು ಬಾಗಿಲಿದೆ, ಸೇನಾ ನರ್ಸಿಂಗ್ ಸೇವೆ. ಸಶಸ್ತ್ರ ಪಡೆಗಳ ಆರು ಕಾಲೇಜುಗಳಲ್ಲಿ ಒಟ್ಟು 220 ಸೀಟು: ಪುಣೆಯ ಎಎಫ್‌ಎಂಸಿ 40, ಮುಂಬೈನ ಐಎನ್‌ಎಚ್‌ಎಸ್ ಅಶ್ವಿನಿ 40, ಲಕ್ನೋ 40, ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆ 40, ದೆಹಲಿ ಮತ್ತು ಕೋಲ್ಕತ್ತದಲ್ಲಿ ತಲಾ 30. ಹೆಣ್ಣುಮಕ್ಕಳಿಗೆ ಮಾತ್ರ. 2022ರಿಂದ ಇದಕ್ಕೆ ನೀಟ್ ಅಂಕವೇ ಆಧಾರ. ಆಮೇಲೆ ಸಾಮಾನ್ಯ ಬುದ್ಧಿಮತ್ತೆ ಮತ್ತು ಇಂಗ್ಲಿಷ್‌ನ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ. ಓದು ಮುಗಿದ ಮೇಲೆ ಸೇನೆಯಲ್ಲಿ ಲೆಫ್ಟಿನೆಂಟ್. ದೇಶಕ್ಕೆಲ್ಲ 220 ಎಂದರೆ ಪೈಪೋಟಿ ಹೇಗಿರುತ್ತದೆಂದು ಹೇಳಬೇಕಿಲ್ಲ.

ತಯಾರಿಯಲ್ಲಿ ಎರಡು ಪರೀಕ್ಷೆಗಳ ಸ್ವಭಾವ ಬೇರೆ. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ 180 ಪ್ರಶ್ನೆಗೆ 720 ಅಂಕ, ಅರ್ಧದಷ್ಟು ಪ್ರಶ್ನೆ ಜೀವಶಾಸ್ತ್ರದ್ದೇ, ತಪ್ಪು ಉತ್ತರಕ್ಕೆ ಒಂದು ಅಂಕ ಖೋತಾ. ಒಂದೇ ಪಠ್ಯ ಓದಿದ ಹುಡುಗಿ ಒಂದರಲ್ಲಿ ಧೈರ್ಯ ಮಾಡಬೇಕು, ಇನ್ನೊಂದರಲ್ಲಿ ಕೈ ಬಿಗಿಹಿಡಿಯಬೇಕು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಪಿಯುಸಿಯ ಇಂಗ್ಲಿಷ್ ಸೈನ್ಸ್ ಪುಸ್ತಕವೇ ಮೊದಲ ಬೆಟ್ಟ. ನರ್ಸಿಂಗ್ ಸೇರಿದ ಮೇಲೂ ಅಂಗರಚನಾಶಾಸ್ತ್ರದ ಹೆಸರುಗಳು ಅದೇ ಭಾಷೆಯಲ್ಲಿ ಕಾದಿರುತ್ತವೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡಿ ಬೆಳೆದ ಕಾರವಾರದ ಮಗುವಿಗೆ ವಾರ್ಡ್‌ನಲ್ಲಿ ರೋಗಿಯ ಜೊತೆ ಮಾತಾಡಲು ಮಾತ್ರ ಯಾರೂ ಕಲಿಸಬೇಕಿಲ್ಲ.

ಗಣಿತ ಬೇಕಿಲ್ಲ ಎಂದದ್ದು ಪ್ರವೇಶದ ಮಾತು. ಕೆಲಸಕ್ಕೆ ಲೆಕ್ಕ ಬೇಕೇ ಬೇಕು. ವೈದ್ಯರು 500 ಮಿಲಿಲೀಟರ್ ಸಲೈನನ್ನು ನಾಲ್ಕು ಗಂಟೆಯಲ್ಲಿ ಕೊಡಿ ಎಂದು ಬರೆದಿದ್ದಾರೆ. ಕೈಲಿರುವ ಡ್ರಿಪ್ ಸೆಟ್‌ನಲ್ಲಿ ಒಂದು ಮಿಲಿಲೀಟರ್‌ಗೆ 20 ಹನಿ. ಹಾಗಾದರೆ ಒಟ್ಟು ಹತ್ತು ಸಾವಿರ ಹನಿ, ಸಮಯ 240 ನಿಮಿಷ. ನಿಮಿಷಕ್ಕೆ ಸುಮಾರು 42 ಹನಿ. ನರ್ಸ್ ಗಡಿಯಾರ ನೋಡುತ್ತ, ಹನಿ ಎಣಿಸುತ್ತ, ಸೆಟ್ಟಿನ ಚಕ್ರವನ್ನು ಚೂರು ಚೂರೇ ತಿರುಗಿಸಿ ಅಲ್ಲಿಗೆ ತಂದು ನಿಲ್ಲಿಸಬೇಕು. 15 ಹನಿಯ ಸೆಟ್ ಆದರೆ ಉತ್ತರ 31. ಸೆಟ್ಟಿನ ಪ್ಯಾಕೆಟ್ ಮೇಲಿನ ಸಣ್ಣ ಅಕ್ಷರ ಓದದೆ ಹಳೆಯ ಲೆಕ್ಕವನ್ನೇ ಹಾಕಿದರೆ ರೋಗಿಯ ಮೈಗೆ ಹೋಗುವ ನೀರಿನ ಪ್ರಮಾಣವೇ ಬದಲಾಗುತ್ತದೆ. ಪೋಸ್ಟ್ ಬೇಸಿಕ್‌ಗೆ ಪ್ರವೇಶ ಪರೀಕ್ಷೆ ಬರೆಯುವವರಿಗೆ ಇಂಥವು ಪರಿಚಿತ. ವಾರ್ಡ್‌ನಲ್ಲಿ ಕೆಲಸ ಮಾಡಿದವರು ಪುಸ್ತಕ ಮಾತ್ರ ಓದಿದವರಿಗಿಂತ ಮುಂದಿರುವುದು ಇಲ್ಲೇ.

ಪೋಸ್ಟ್ ಬೇಸಿಕ್ ಯಾಕೆ ಮಾಡಬೇಕು? ಡಿಪ್ಲೊಮಾದವರಿಗೂ ಆಸ್ಪತ್ರೆಗಳಲ್ಲಿ ಕೆಲಸವಿದೆ. ಆದರೆ ಎಂ.ಎಸ್ಸಿ.ಗೆ ಹೋಗಬೇಕಾದರೆ ಪದವಿ ಬೇಕು: ಬಿ.ಎಸ್ಸಿ. ಅಥವಾ ಪೋಸ್ಟ್ ಬೇಸಿಕ್‌ನಲ್ಲಿ ಶೇ 55 ಅಂಕ, ಜೊತೆಗೆ ಒಂದು ವರ್ಷದ ಅನುಭವ. ಕಾಲೇಜಿನಲ್ಲಿ ಪಾಠ ಮಾಡುವುದಕ್ಕೂ ಪದವಿಯೇ ದಾರಿ. ದೆಹಲಿಯ ಏಮ್ಸ್ ಪೋಸ್ಟ್ ಬೇಸಿಕ್‌ಗೆ ಪ್ರವೇಶ ಪರೀಕ್ಷೆ ನಡೆಸುತ್ತದೆ. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದ ಹಲವು ಕಾಲೇಜುಗಳಲ್ಲಿ ಈ ಕೋರ್ಸ್ ಇದೆ. ಕೆಲಸ ಬಿಡಲಾಗದವರಿಗೆ ಇಗ್ನೋ ಇದೆ. ಅಲ್ಲಿ ಎರಡು ವರ್ಷದ ಸೇವಾನುಭವ ಕೇಳುತ್ತಾರೆ, ಪ್ರವೇಶ ಪರೀಕ್ಷೆಯೂ ಉಂಟು, ಕೋರ್ಸ್ ಕನಿಷ್ಠ ಮೂರು ವರ್ಷದ್ದು. ಮನೆ, ಮಕ್ಕಳು, ಪಾಳಿ ಮೂರನ್ನೂ ತೂಗಿಸುವವರಿಗೆ ಆ ಮೂರನೆಯ ವರ್ಷ ಭಾರವಲ್ಲ, ಅನುಕೂಲ.

ಪೋಸ್ಟ್ ಬೇಸಿಕ್ ಅರ್ಜಿಗೆ ಬೇಕಾದ ಕಾಗದಗಳು ಬೇರೆ ಥರದವು. ಜಿಎನ್‌ಎಂನ ಮೂರೂ ವರ್ಷದ ಅಂಕಪಟ್ಟಿ, ಡಿಪ್ಲೊಮಾ, ಕೌನ್ಸಿಲ್ ನೋಂದಣಿ ಪತ್ರ, ಕೆಲಸ ಮಾಡಿದ ಆಸ್ಪತ್ರೆಯ ಅನುಭವ ಪತ್ರ. ಈ ಕೊನೆಯದಕ್ಕೇ ಜನ ಪರದಾಡುವುದು. ಕೆಲಸ ಬಿಡುವ ದಿನ ಕೇಳಿದರೆ ಸಿಗುವ ಕಾಗದ, ಎರಡು ವರ್ಷ ಬಿಟ್ಟು ಹೋದರೆ ಸಿಗುತ್ತದೆಂಬ ಭರವಸೆ ಇಲ್ಲ.

ಕಾಲೇಜು ನೋಡಲು ಹೋದಾಗ ಕಟ್ಟಡದ ಬಣ್ಣ ನೋಡುವುದಕ್ಕಿಂತ ಆಸ್ಪತ್ರೆ ಎಲ್ಲಿ ಎಂದು ಕೇಳಬೇಕು. ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಹಾಸಿಗೆ ಇದ್ದರೆ ಸಾಲದು, ರೋಗಿಗಳೂ ಇರಬೇಕು. ಹೆರಿಗೆ ವಾರ್ಡ್‌ನಲ್ಲಿ ತಿಂಗಳಿಗೆ ಎಷ್ಟು ಹೆರಿಗೆ, ಐಸಿಯುಗೆ ವಿದ್ಯಾರ್ಥಿಗಳನ್ನು ಬಿಡುತ್ತಾರೋ ಇಲ್ಲವೋ, ಹಾಸ್ಟೆಲ್‌ನಿಂದ ಆಸ್ಪತ್ರೆ ಎಷ್ಟು ದೂರ ಎಂದು ಎರಡನೇ ವರ್ಷದ ವಿದ್ಯಾರ್ಥಿನಿಯರನ್ನು ಕೇಳಿದರೆ ಹತ್ತು ನಿಮಿಷದಲ್ಲಿ ನಿಜ ತಿಳಿಯುತ್ತದೆ. ಹಾಜರಾತಿ ಇಲ್ಲದೆ ಕೋರ್ಸ್ ಮುಗಿಸಿಕೊಡುತ್ತೇವೆ ಎನ್ನುವವರ ಬಳಿ ನಿಲ್ಲಲೇಬಾರದು. ಶುಲ್ಕದ ಚಿಂತೆಯಿದ್ದವರು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಮೊದಲ ವರ್ಷವೇ ಅರ್ಜಿ ಹಾಕಬೇಕು, ಕಟ್ಟಡ ಕಾರ್ಮಿಕರ ಮಕ್ಕಳಾದರೆ ಕಾರ್ಮಿಕ ಇಲಾಖೆಯಲ್ಲೂ ವಿಚಾರಿಸಬೇಕು.

ಪದವಿ ಕೈಗೆ ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಪೋಸ್ಟ್ ಬೇಸಿಕ್ ಮುಗಿಸಿದವರು ಹೊಸ ಅರ್ಹತೆಯನ್ನು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಸೇರಿಸಿಕೊಳ್ಳಬೇಕು; ರಾಷ್ಟ್ರಮಟ್ಟದ ನೋಂದಣಿ ವ್ಯವಸ್ಥೆಯಲ್ಲಿ ಪ್ರತಿ ನರ್ಸ್‌ಗೂ ಈಗ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಇದೆ. ಕಾರವಾರದಿಂದ ಬೆಳಗಿನ ಬಸ್ ಹಿಡಿದು ಪೋಳೆಂ ಚೆಕ್‌ಪೋಸ್ಟ್ ದಾಟಿ ಕೆಲಸಕ್ಕೆ ಹೋಗುವವರಿಗೆ ಕರ್ನಾಟಕದ ನೋಂದಣಿ ಒಂದೇ ಸಾಲದು, ಗೋವಾದ ಕೌನ್ಸಿಲ್‌ನದೂ ಬೇಕು. ಅದಕ್ಕೆ ಬೆಂಗಳೂರಿನ ಕಚೇರಿಯಿಂದ ಪರಿಶೀಲನೆಯ ಪತ್ರ ಹೋಗಬೇಕಾದ್ದರಿಂದ, ಕೆಲಸ ಸಿಕ್ಕ ಮೇಲಲ್ಲ, ಹುಡುಕಲು ಹೊರಡುವಾಗಲೇ ಅರ್ಜಿ ಹಾಕಿಟ್ಟುಕೊಳ್ಳುವುದು ಒಳ್ಳೆಯದು.