ಗುಳಿಗಿ ನುಂಗೂಕಿಂತ ಮೊದಲ
ಹುಬ್ಬಳ್ಳಿ-ಧಾರವಾಡದಾಗ ಜ್ವರ, ತಲಿನೋವು ಬಂತಂದ್ರ ಸೀದಾ ಔಷಧಿ ಅಂಗಡಿಗೆ ಹೋಗಿ ಗುಳಿಗಿ ಕೇಳ್ತೀವಿ. ಆ ಗುಳಿಗ್ಯಾಗ ಏನೈತಿ ಅಂತ ಒಮ್ಮೆ ನೋಡ್ರಿ.

ಡೋಲೊ, ಕ್ರೋಸಿನ್, ಕ್ಯಾಲ್ಪಾಲ್: ಹೆಸರು ಮೂರು, ಒಳಗಿನ ಔಷಧಿ ಒಂದ, ಪ್ಯಾರಾಸಿಟಮಾಲ್. ಎಷ್ಟೋ ನೆಗಡಿ ಗುಳಿಗ್ಯಾಗೂ ಅದ ಇರ್ತೈತಿ. ಗೊತ್ತಿಲ್ಲದ ಎರಡೂ ಕೂಡಿ ನುಂಗಿದ್ರ ಡೋಸ್ ಹೆಚ್ಚಾಗಿ ಲಿವರ್‌ಗೆ ಪೆಟ್ಟು ಬೀಳಬಹುದು. ಇದು ಖರೇನ ಅಂಜಬೇಕಾದ ಮಾತು.

ಒಳಗಿನ ಔಷಧಿ ಒಂದ ಅಂದಮ್ಯಾಲೆ ರೇಟೂ ಹೋಲಿಸಿ ನೋಡ್ರಿ. 2019ರಾಗ ಬಂದ ಸರ್ಕಾರದ ‘ಜನೌಷಧಿ ಸುಗಮ್’ ಆ್ಯಪ್‌ನಾಗ ಔಷಧಿಯ ಮೂಲ ಹೆಸರು ಹಾಕಿ ಹುಡುಕ್ರಿ. ಬ್ರ್ಯಾಂಡ್ ರೇಟು, ಜನೌಷಧಿ ರೇಟು, ಹತ್ತಿರದ ಜನೌಷಧಿ ಕೇಂದ್ರ, ಎಲ್ಲಾ ತೋರಸ್ತೈತಿ. ಡೋಸ್ ಎಷ್ಟಂತ ಮಾತ್ರ ಫಾರ್ಮಸಿಸ್ಟ್‌ರನ್ನ ಕೇಳ್ರಿ.

ಗುಳಿಗಿ ಪಟ್ಟಿ ಮ್ಯಾಲೆ ಕೆಂಪು ಗೆರಿ ಐತೇನು? ಡಾಕ್ಟರ್ ಚೀಟಿ ಇಲ್ಲದ ತಗೋಬ್ಯಾಡ್ರಿ. ಔಷಧಿಯಿಂದ ಅಡ್ಡಪರಿಣಾಮ ಆದ್ರ ಡಾಕ್ಟರ್‌ಗೆ ತೋರಸ್ರಿ, ಅದಕ್ಕಂತನ ಇರೋ ಸಹಾಯವಾಣಿ 1800-180-3024ಕ್ಕೂ ತಿಳಸ್ರಿ.