ಅಗ್ನಿಶಿಖೆಯ ಹೆಸರುಗಳು

ಒಂದು ಗಿಡವನ್ನು ಬಲ್ಲೆನೆಂದು ಹೇಳುವುದಕ್ಕೆ ಅದರ ಹೂವನ್ನು ಕಂಡು ಮೆಚ್ಚಿದ್ದರೆ ಸಾಕೆ? ಸಾಲದು ಎಂಬುದಕ್ಕೆ ನಮ್ಮ ಮಲೆನಾಡಿನ ಕಾಡಂಚಿನಲ್ಲಿ ಅರಳುವ ಅಗ್ನಿಶಿಖೆಗಿಂತ ಉತ್ತಮವಾದ ನಿದರ್ಶನ ನನಗೆ ತೋರದು. ಚೆಲುವಿನಲ್ಲಿ ಅದಕ್ಕೆ ಸಮನಾದ ಹೂವುಗಳು ವಿರಳ. ವಿಷದ ತೀಕ್ಷ್ಣತೆಯಲ್ಲಿ ಸಮನಾದ ಗಿಡಗಳೂ ವಿರಳ. ನೆಲದೊಳಗಿನ ಗೆಡ್ಡೆಯಿಂದ ಕಾಯೊಳಗಿನ ಬೀಜದವರೆಗೆ ಅದರ ಯಾವ ಭಾಗವೂ ನಿರ್ವಿಷವಲ್ಲ. ಇಂಥ ಗಿಡವನ್ನು ಗುರುತಿಸುವ ವಿದ್ಯೆಯನ್ನು ನಮ್ಮ ಹಿರಿಯರು ಅದರ ಹೆಸರುಗಳಲ್ಲಿಯೇ ಕಾಪಿಟ್ಟಿದ್ದಾರೆಂದು ನಾನು ಬಗೆದಿದ್ದೇನೆ. ಆ ಹೆಸರುಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಅಗ್ನಿಶಿಖೆ ಎಂಬುದು ಹೂವಿನ ರೂಪವನ್ನು ಹೇಳುವ ಹೆಸರು. ಹೂವು ನೆಲದ ಕಡೆಗೆ ತಲೆಬಾಗಿ ತೂಗುತ್ತದೆ. ಆದರೆ ಅದರ ಆರು ಎಸಳುಗಳು ಹಿಂದಕ್ಕೆ ಮಡಿಚಿಕೊಂಡು ಮೇಲ್ಮುಖವಾಗಿ ನಿಲ್ಲುತ್ತವೆ. ಎಸಳುಗಳು ಕಿರಿದಾಗಿ, ನೀಳವಾಗಿ, ಅಂಚುಗಳಲ್ಲಿ ಅಲೆಅಲೆಯಾಗಿರುತ್ತವೆ. ಮೊಗ್ಗು ಹಸುರು. ಬಿರಿದಾಗ ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ದಿನ ಕಳೆದಂತೆ ಆ ಕೆಂಪು ಕೆಳಗಿಳಿದು ಎಸಳನ್ನೆಲ್ಲ ವ್ಯಾಪಿಸುತ್ತದೆ. ಗಾಳಿಗೆ ಅಲುಗುವಾಗ ಅದು ದೀಪದ ಕುಡಿಯಲ್ಲದೆ ಬೇರೇನೂ ಅಲ್ಲವೆನ್ನಿಸುತ್ತದೆ. ಆರು ಕೇಸರಗಳು ಚಕ್ರದ ಅರೆಕಾಲುಗಳಂತೆ ಸುತ್ತಲೂ ಚಾಚಿಕೊಂಡಿರುತ್ತವೆ. ನಡುವಿನ ಶಲಾಕೆ ಬುಡದಲ್ಲಿಯೇ ಥಟ್ಟನೆ ಬಾಗಿ ಪಕ್ಕಕ್ಕೆ ತಿರುಗಿರುತ್ತದೆ. ಇಷ್ಟು ಲಕ್ಷಣಗಳು ಒಂದೆಡೆ ಕೂಡಿದ ಹೂವು ನಮ್ಮ ಕಾಡಿನಲ್ಲಿ ಮತ್ತೊಂದಿಲ್ಲ.

ಮಲೆನಾಡಿನವರು ಇದನ್ನು ಗೌರಿಹೂವೆನ್ನುತ್ತಾರೆ. ಈ ಹೆಸರು ಕಾಲವನ್ನು ತಿಳಿಸುತ್ತದೆ. ಮುಂಗಾರು ಮಳೆಗೆ ಗೆಡ್ಡೆ ಚಿಗುರಿ, ಬೇಲಿ ಪೊದೆಗಳನ್ನು ಏರಿ, ಭಾದ್ರಪದದ ಗೌರಿ ಹಬ್ಬದ ಹೊತ್ತಿಗೆ ಬಳ್ಳಿ ಹೂವಿನಿಂದ ತುಂಬುತ್ತದೆ. ಹುಡುಗರು ಬೇಲಿಯ ಮೇಲಿಂದ ಹೂವನ್ನು ಕಿತ್ತು ತಂದು ದೇವಿಗೆ ಏರಿಸುತ್ತಾರೆ. ಒಮ್ಮೆ ಒಂದು ಹಳ್ಳಿಯ ಜಗಲಿಯಲ್ಲಿ ಅಜ್ಜಿಯೊಬ್ಬರು ಮೊಮ್ಮಕ್ಕಳಿಗೆ, “ದೇವರ ಮುಡಿಗೆ ಏರಲಿ, ನಿಮ್ಮ ಬಾಯಿಗೆ ಬಾರದಿರಲಿ, ಕೈ ತೊಳಕೊಂಡು ಬನ್ನಿ” ಎಂದು ಹೇಳಿದ್ದನ್ನು ನಾನು ಕೇಳಿದ್ದೇನೆ. ಸಸ್ಯಶಾಸ್ತ್ರದ ಅಧ್ಯಾಪಕನೂ ಅಷ್ಟು ಕಡಿಮೆ ಮಾತಿನಲ್ಲಿ ಅಷ್ಟು ಉಪಯುಕ್ತವಾದ ಪಾಠವನ್ನು ಹೇಳಲಾರ.

ಆದರೆ ಹೂವು ಇರುವಾಗ ಗಿಡವನ್ನು ಗುರುತಿಸುವುದು ಕಷ್ಟವಲ್ಲ. ಅಪಾಯವಿರುವುದು ಹೂವಿಲ್ಲದ ದಿನಗಳಲ್ಲಿ. ಆಗ ನೋಡಬೇಕಾದದ್ದು ಎಲೆಯನ್ನು. ಎಲೆ ಭರ್ಜಿಯ ಅಲಗಿನಂತೆ ನೀಳವಾಗಿದ್ದು, ನರಗಳು ಒಂದರ ಪಕ್ಕದಲ್ಲೊಂದು ಸಮನಾಗಿ ಸಾಗಿರುತ್ತವೆ. ಅದರ ತುದಿ ಸಣ್ಣದಾಗುತ್ತ ಹೋಗಿ ಕೊನೆಗೆ ಸುರುಳಿಯಾಗಿ ಆಸರೆಯನ್ನು ಹಿಡಿದುಕೊಳ್ಳುತ್ತದೆ. ಎಲೆಯ ತುದಿಯೇ ಬಳ್ಳಿಯ ಕೈ! ನಾವು ತಿನ್ನುವ ಕಾಡುಗೆಣಸಿನ ಬಳ್ಳಿ ಹೀಗಲ್ಲ. ಅದರ ಕಾಂಡವೇ ಮರವನ್ನು ಸುತ್ತಿ ಏರುತ್ತದೆ, ಎಲೆ ಸಾಮಾನ್ಯವಾಗಿ ಹೃದಯದ ಆಕಾರದ್ದು, ತುದಿಯಲ್ಲಿ ಸುರುಳಿಯಿಲ್ಲ. ಈ ಒಂದು ವ್ಯತ್ಯಾಸವನ್ನು ತಿಳಿದವನು ಹೂವನ್ನು ಕಾಣದೆಯೂ ಅಗ್ನಿಶಿಖೆಯನ್ನು ಗುರುತಿಸಬಲ್ಲ.

ಬೇಸಗೆಯಲ್ಲಿ ಎಲೆಯೂ ಉಳಿಯುವುದಿಲ್ಲ. ಬಳ್ಳಿ ಒಣಗಿ ಹೋಗಿ ನೆಲದೊಳಗೆ ಗೆಡ್ಡೆಯೊಂದೇ ಜೀವ ಹಿಡಿದಿರುತ್ತದೆ. ಇಲ್ಲಿ ನೆರವಾಗುವುದು ಲಾಂಗಲಿ ಎಂಬ ಸಂಸ್ಕೃತದ ಹೆಸರು. ಲಾಂಗಲವೆಂದರೆ ನೇಗಿಲು. ಎರಡು ಕವಲಾಗಿ ಕೋನದಂತೆ ಬಾಗಿದ ಆ ಗೆಡ್ಡೆಯನ್ನು ಅಗೆದು ಕಂಡವನೇ ಈ ಹೆಸರನ್ನು ಇಟ್ಟಿರಬೇಕು. ಗೆಣಸೆಂದು ಭ್ರಮಿಸಿ ಇದನ್ನು ಬೇಯಿಸಿ ತಿಂದು ಪ್ರಾಣ ಕಳೆದುಕೊಂಡವರ ವೃತ್ತಾಂತಗಳು ನಮ್ಮ ದೇಶದಲ್ಲಿಯೂ ಸಿಂಹಳದಲ್ಲಿಯೂ ವೈದ್ಯರ ದಾಖಲೆಗಳಲ್ಲಿವೆ. ಸುವರ್ಣಗೆಡ್ಡೆಯ ತುರಿಕೆ ಹುಣಿಸೆಹುಳಿಯಲ್ಲಿ ಅಡಗುವಂತೆ ಈ ವಿಷ ಅಡಗುವುದಿಲ್ಲ. ಕುದಿಸಿದರೂ ಅದು ಅಳಿಯುವುದಿಲ್ಲ.

ಆಯುರ್ವೇದವು ಲಾಂಗಲಿಯನ್ನು ಉಪವಿಷಗಳ ಗುಂಪಿನಲ್ಲಿ ಸೇರಿಸಿದೆ. ನಿಘಂಟುಗಳಲ್ಲಿ ಇದಕ್ಕೆ ಗರ್ಭಪಾತಿನಿ ಎಂಬ ಹೆಸರೂ ಉಂಟು. ಹೆಸರೇ ಎಚ್ಚರಿಕೆಯ ಫಲಕದಂತಿದೆಯಲ್ಲವೆ? ಸ್ವೀಡನ್ನಿನ ಲಿನೀಯಸ್ 1753ರಲ್ಲಿ ಇದಕ್ಕೆ ಗ್ಲೋರಿಯೋಸಾ ಸುಪರ್ಬಾ ಎಂದು ನಾಮಕರಣ ಮಾಡಿದನು. ಆ ಲ್ಯಾಟಿನ್ ಹೆಸರು ವೈಭವವನ್ನು ಮಾತ್ರ ಹೊಗಳುತ್ತದೆ. ಪ್ರಾಚೀನ ತಮಿಳು ಕವಿಗಳು ಇದನ್ನು ಕಾಂದಳ್ ಎಂದು ಕರೆದು ಸ್ತ್ರೀಯರ ಬೆರಳಿಗೆ ಹೋಲಿಸಿದರು. ಇಂದು ಅದು ತಮಿಳುನಾಡಿನ ರಾಜ್ಯಪುಷ್ಪ, ಆಫ್ರಿಕದ ಜಿಂಬಾಬ್ವೆಯ ರಾಷ್ಟ್ರಪುಷ್ಪ. ಕವಿಯ ಕಣ್ಣು, ವಿಜ್ಞಾನಿಯ ಕಣ್ಣು, ವೈದ್ಯನ ಕಣ್ಣು ಒಂದೇ ಹೂವಿನಲ್ಲಿ ಬೇರೆ ಬೇರೆಯದನ್ನು ಕಂಡಿವೆ.

ವಿಷದ ಮೂಲವಾದ ವಸ್ತುವಿಗೆ ಕಾಲ್ಚಿಸೀನ್ ಎಂದು ಹೆಸರು. ಜೀವಕೋಶವೊಂದು ಎರಡಾಗುವಾಗ ಅದರೊಳಗೆ ಸೂಕ್ಷ್ಮವಾದ ಎಳೆಗಳು ಏರ್ಪಟ್ಟು ವರ್ಣತಂತುಗಳನ್ನು ಇಬ್ಭಾಗ ಮಾಡುತ್ತವೆ. ಕಾಲ್ಚಿಸೀನ್ ಆ ಎಳೆಗಳು ರೂಪುಗೊಳ್ಳದಂತೆ ತಡೆಯುತ್ತದೆ. ಆದುದರಿಂದ ಶರೀರದಲ್ಲಿ ಬೇಗ ಬೇಗ ಹೊಸತಾಗುವ ಅಂಗಾಂಶಗಳಿಗೆ ಪೆಟ್ಟು ಹೆಚ್ಚು. ತಿಂದ ಕೆಲವು ಗಂಟೆಗಳ ಮೇಲೆ ವಾಂತಿ, ಹೊಟ್ಟೆನೋವು, ಭೇದಿ ಆರಂಭವಾಗುತ್ತವೆ. ಕೆಲವು ದಿನಗಳಲ್ಲಿ ಮೂಳೆಯ ಮಜ್ಜೆ ಕುಗ್ಗುತ್ತದೆ. ಬದುಕಿ ಉಳಿದವರಿಗೆ ಒಂದೆರಡು ವಾರಗಳಲ್ಲಿ ತಲೆಗೂದಲು ಉದುರುವುದೂ ಉಂಟು. ತಿಂದೊಡನೆ ಏನೂ ಆಗಲಿಲ್ಲವೆಂಬ ಸಮಾಧಾನ ಇಲ್ಲಿ ಅತ್ಯಂತ ಮೋಸದ್ದು. ಮನೆಮದ್ದಿಗಾಗಿ ಕಾಲ ಕಳೆಯದೆ, ಗಿಡದ ತುಂಡೊಂದನ್ನು ಜೊತೆಯಲ್ಲಿ ಒಯ್ದು ಕೂಡಲೆ ಆಸ್ಪತ್ರೆಯನ್ನು ಸೇರತಕ್ಕದ್ದು.

ಇದೇ ವಸ್ತು ಅಳತೆಯರಿತವರ ಕೈಯಲ್ಲಿ ಉಪಕಾರಿಯೂ ಹೌದು. ಗೌಟ್ ಎಂಬ ಕೀಲುಬೇನೆಗೆ ಕಾಲ್ಚಿಸೀನ್ ಇಂದಿಗೂ ಔಷಧ. 1937ರಲ್ಲಿ ಬ್ಲೇಕ್ಸ್ಲಿ ಮತ್ತು ಏವರಿ ಎಂಬ ವಿಜ್ಞಾನಿಗಳು ಇದರಿಂದ ಸಸ್ಯಗಳ ವರ್ಣತಂತುಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಬಹುದೆಂದು ತೋರಿಸಿದ ಮೇಲೆ ತಳಿ ಸುಧಾರಕರಿಗೆ ಅದೊಂದು ಸಾಧನವಾಯಿತು. ತಮಿಳುನಾಡಿನ ರೈತರು ಬೀಜಕ್ಕಾಗಿ ಅಗ್ನಿಶಿಖೆಯನ್ನು ಹೊಲಗಳಲ್ಲಿ ಬೆಳೆಯುತ್ತಾರೆ. ಆದರೆ ಔಷಧದ ಅಳತೆಗೂ ವಿಷದ ಅಳತೆಗೂ ನಡುವಿನ ಅಂತರ ಬಲು ಕಿರಿದು. ಅದು ಬೇಲಿಯ ಬಳಿ ನಿಂತು ಊಹಿಸುವ ವಿಷಯವಲ್ಲ.

ಹಾಗೆಂದು ಬೇಲಿಯ ಬಳ್ಳಿಯನ್ನೆಲ್ಲ ಕಿತ್ತೆಸೆಯಬೇಕೆಂದು ನಾನು ಹೇಳುತ್ತಿಲ್ಲ. ಭಯದಿಂದ ಕಿತ್ತೆಸೆದ ಊರಿನ ಮಕ್ಕಳು ಕಾಡಿಗೆ ಹೋದಾಗ ಅದನ್ನು ಗುರುತಿಸಲಾರರು. ನಮ್ಮ ಉಪಾಧ್ಯಾಯರು ಮಳೆಗಾಲದ ಒಂದು ಮಧ್ಯಾಹ್ನ ಮಕ್ಕಳನ್ನು ಕರೆದೊಯ್ದು, ಹೂವನ್ನು ಅಗ್ನಿಶಿಖೆಯೆಂದು ತೋರಿಸಲಿ. ಎಲೆಯ ತುದಿಯ ಸುರುಳಿಯನ್ನು ತೋರಿಸಲಿ. ಲಾಂಗಲಿ ಎಂದು ಏಕೆ ಕರೆದರೆಂಬುದನ್ನು ಕಪ್ಪುಹಲಗೆಯ ಮೇಲೆ ಗೆಡ್ಡೆಯ ಚಿತ್ರ ಬರೆದು ವಿವರಿಸಲಿ. ಹೆಸರುಗಳ ಅರ್ಥ ಮರೆತರೆ ಅವು ಬರಿಯ ಶಬ್ದಗಳಾಗಿ ಉಳಿಯುತ್ತವೆ, ಗೆಡ್ಡೆ ಮಾತ್ರ ಮಣ್ಣಿನೊಳಗೆ ಎಂದಿನಂತೆಯೇ ವಿಷವನ್ನು ತುಂಬಿಕೊಂಡಿರುತ್ತದೆ.